ಬ್ಯಾಡಗಿಯ ನಿಯಂತ್ರಕ, ಟಾಸ್ಮೇನಿಯಾದ ತಂತ್ರಾಂಶ

ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ಒಂದರ ತಾಪಮಾನ ನಿಯಂತ್ರಕ ಸುಟ್ಟು ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಸಣ್ಣ ಕಾರ್ಖಾನೆಗೆ ಬಂದಿತ್ತು. ರಿಲೇ ಪಕ್ಕದ ತಾಮ್ರದ ಗೆರೆ ಹಾರಿಹೋಗಿ, ಸರ್ಕ್ಯೂಟ್ ಬೋರ್ಡೇ ಕರಕಲಾಗಿತ್ತು. ತಂತಿ ಹಚ್ಚಿ ತೇಪೆ ಹಾಕುವ ಸ್ಥಿತಿ ದಾಟಿತ್ತು, ಹೊಸದನ್ನೇ ಮಾಡಿಸಬೇಕು. ಎರಡು ದಶಕಗಳ ಹಿಂದೆ ಅದನ್ನು ವಿನ್ಯಾಸ ಮಾಡಿದ್ದ ಕಾರ್ಖಾನೆಯ ಮಾಲೀಕರು ಕಪಾಟಿನಿಂದ ಒಂದು ಸಿಡಿ ತೆಗೆದುಕೊಟ್ಟರು. ಅದರಲ್ಲಿದ್ದುದು ಪ್ರೊಟೆಲ್ 99 ಎಸ್‌ಇ ಎಂಬ, ಸರ್ಕ್ಯೂಟ್ ಬೋರ್ಡು ಬಿಡಿಸುವ ತಂತ್ರಾಂಶದ ಡಿಡಿಬಿ ಕಡತ.

ನಕ್ಷೆ, ಬೋರ್ಡು, ಬಿಡಿಭಾಗಗಳ ಸಂಗ್ರಹ ಎಲ್ಲವನ್ನೂ ಆ ತಂತ್ರಾಂಶ ಒಂದೇ ಮೈಕ್ರೋಸಾಫ್ಟ್ ಆಕ್ಸೆಸ್ ಡೇಟಾಬೇಸಿನೊಳಗೆ ತುಂಬಿಡುತ್ತಿತ್ತು. ನನ್ನ ಲ್ಯಾಪ್‌ಟಾಪ್ ಅದನ್ನು ಗುರುತಿಸಲೇ ಇಲ್ಲ. ಡ್ರಿಲ್ಲಿಂಗ್ ಯಂತ್ರಕ್ಕೆಂದು ಉಳಿಸಿಕೊಂಡಿದ್ದ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನಲ್ಲಿ ಹಳೆಯ ತಂತ್ರಾಂಶ ಇನ್ನೂ ಇತ್ತು. ಅದು ಏಳುವಷ್ಟರಲ್ಲಿ ಮಾಲೀಕರು, "ಆ ಕಂಪನಿ ಈಗಲೂ ಇದೆಯೇ?" ಎಂದು ಕೇಳಿದರು.

ಇದೆ, ಆದರೆ ಹೆಸರೂ ಊರೂ ಬೇರೆ. 1985ರಲ್ಲಿ ನಿಕ್ ಮಾರ್ಟಿನ್ ಅದನ್ನು ಹುಟ್ಟುಹಾಕಿದ್ದು ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿ. ದುಬಾರಿ ವರ್ಕ್‌ಸ್ಟೇಷನ್ ಕೊಳ್ಳಲಾಗದವರೂ ಸಾಮಾನ್ಯ ಪಿಸಿಯಲ್ಲಿ ಬೋರ್ಡು ಬಿಡಿಸಲಿ ಎಂಬುದು ಆತನ ಹಟ. ಗೋಕುಲ ರಸ್ತೆಯವರೆಗೆ ಅದು ತಲುಪಿದ್ದೂ ಆ ಹಟದಿಂದಲೇ. 2001ರಲ್ಲಿ ಪ್ರೊಟೆಲ್ ಕಂಪನಿಯ ಹೆಸರು ಆಲ್ಟಿಯಮ್ ಆಯಿತು, 2011ರಲ್ಲಿ ಶಾಂಘೈಗೆ ಹೋಯಿತು. ಮರುವರ್ಷ ಕಟ್ಟಿದವನನ್ನೇ ಹೊರಗೆ ಕಳಿಸಿತು. ಆಮೇಲೆ ಕ್ಯಾಲಿಫೋರ್ನಿಯಾ. 2024ರಲ್ಲಿ ಜಪಾನಿನ ಚಿಪ್ ಕಂಪನಿ ರೆನೆಸಾಸ್ ಅದನ್ನು 910 ಕೋಟಿ ಆಸ್ಟ್ರೇಲಿಯನ್ ಡಾಲರಿಗೆ ಕೊಂಡಿತು. ಬೋರ್ಡು ಬಿಡಿಸುವ ಬೇರೆ ತಂತ್ರಾಂಶಗಳ ಕಥೆಯೂ ಇದೇ: ಆರ್‌ಕ್ಯಾಡ್ 1999ರಲ್ಲೇ ಕೇಡೆನ್ಸ್ ಕಂಪನಿಯ ಪಾಲಾಗಿತ್ತು. ಜರ್ಮನಿಯ ಈಗಲ್ 2016ರಲ್ಲಿ ಆಟೋಡೆಸ್ಕ್ ಕೈಸೇರಿತು.

"ಹೊಲ ಅದೇ, ಪಹಣಿಯಲ್ಲಿ ಹೆಸರಷ್ಟೇ ಬದಲು ಅನ್ನಿ" ಎಂದರು. ನಾನು ಒಪ್ಪಲಿಲ್ಲ. ಪಹಣಿಯ ಹೆಸರು ಬದಲಾದರೆ ಹೊಲದ ದಾರಿ ಮುಚ್ಚುವುದಿಲ್ಲ, ಇಲ್ಲಿ ಹಳೆಯ ಕಡತ ತೆರೆಯುವ ದಾರಿಯೇ ಮುಚ್ಚಿಹೋಗಬಹುದು.

ಅಷ್ಟರಲ್ಲಿ ಕಡತ ತೆರೆದುಕೊಂಡಿತು: ಕಪ್ಪು ಪರದೆ, ಮೇಲ್ಪದರಕ್ಕೆ ಕೆಂಪು, ಕೆಳಪದರಕ್ಕೆ ನೀಲಿ, ಹಳದಿ ಅಕ್ಷರಗಳು. ಮಾಲೀಕರ ಬೆರಳುಗಳಿಗೆ ಶಾರ್ಟ್‌ಕಟ್ ಕೀಲಿಗಳೆಲ್ಲ ನೆನಪಿದ್ದವು. ರಿಲೇಯ ಗೆರೆಯನ್ನು ದಪ್ಪಗೊಳಿಸಿ, 230 ವೋಲ್ಟ್ ಭಾಗಕ್ಕೂ ಮೈಕ್ರೋಕಂಟ್ರೋಲರಿಗೂ ನಡುವೆ ಒಂದು ಸೀಳು ಹಾಕಿದರು. ಗರ್ಬರ್ ಕಡತಗಳನ್ನು ಹೊರತೆಗೆದೆವು. ಒಂದೊಂದು ಪದರಕ್ಕೆ ಒಂದೊಂದು ಕಡತ, ಬರೀ ಅಂಕಿಗಳ ಪಠ್ಯ. ಬೋರ್ಡು ತಯಾರಿಸುವ ಯಾವ ಕಾರ್ಖಾನೆಯಾದರೂ ಅದನ್ನು ಓದುತ್ತದೆ. ಆದರೆ ಅದರಲ್ಲಿ ಸರ್ಕ್ಯೂಟಿನ ನಕ್ಷೆ ಇರುವುದಿಲ್ಲ, ಮುಂದೆ ತಿದ್ದಬೇಕೆಂದರೆ ಸಾಲದು.

ಹಾಗಾಗಿ ಮಧ್ಯಾಹ್ನ ನಾನು ನಕ್ಷೆಯನ್ನೂ ಬೋರ್ಡನ್ನೂ ಕಿಕ್ಯಾಡ್‌ನಲ್ಲಿ ಹೊಸದಾಗಿ ಬಿಡಿಸಲು ಕುಳಿತೆ. 1992ರಲ್ಲಿ ಫ್ರಾನ್ಸಿನ ಜಾನ್ ಪಿಯರ್ ಶರಾಸ್ ಆರಂಭಿಸಿದ ಮುಕ್ತ ತಂತ್ರಾಂಶ ಅದು. ಮುಂದೆ ಯುರೋಪಿನ ಭೌತವಿಜ್ಞಾನ ಪ್ರಯೋಗಾಲಯ ಸರ್ನ್ ಕೂಡ ಕೈಜೋಡಿಸಿತು. ಪುಕ್ಕಟೆ ಎಂದೊಡನೆ ಮಾಲೀಕರಿಗೆ ಗುಮಾನಿ. ಕಿಕ್ಯಾಡ್ ಕಡತ ಬರೀ ಪಠ್ಯ, ಅದನ್ನು ನೋಟ್‌ಪ್ಯಾಡಿನಲ್ಲೇ ತೆರೆದು ತೋರಿಸಿದೆ. ಅವರು ಕನ್ನಡಕ ಏರಿಸಿ, ಸಾಲುಗಳ ನಡುವೆ ರಿಲೇ ಪ್ಯಾಡಿನ ಅಳತೆಯನ್ನು ತಾವೇ ಹುಡುಕಿ, ಇದು ಇನ್ನೂ ಚಿಕ್ಕದಾಯಿತು ಎಂದು ತಕರಾರು ತೆಗೆದರು.