ಸೋಲಾರ್ ವ್ಯಾನ್‌ನಲ್ಲಿ ಹಂಪಿಯಿಂದ ಮರವಂತೆಗೆ: ಹೊರಡುವ ಮೊದಲು ಕಂಟ್ರೋಲರ್ ಪರೀಕ್ಷಿಸಿ

ಎಂಪಿಪಿಟಿ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದ ಚಾರ್ಜ್ ಕಂಟ್ರೋಲರ್ ಎಂಪಿಪಿಟಿ ಆಗಿರಲೇ ಇಲ್ಲ. ಸೋಲಾರ್ ಪ್ಯಾನೆಲ್‌ಗೂ ಬ್ಯಾಟರಿಗೂ ನಡುವೆ ಕೂತು ಚಾರ್ಜಿಂಗ್ ನಿಯಂತ್ರಿಸುವ ಡಬ್ಬಿ ಇದು. ಎಂಪಿಪಿಟಿ ಅದರ ದುಬಾರಿ ಬಗೆ, ಪಿಡಬ್ಲ್ಯುಎಂ ಸಾದಾ ಬಗೆ. ಬೆಂಗಳೂರಿನ ಅಂಗಡಿಯವರು ಅಸಲಿಯ ಬೆಲೆ ಎಣಿಸಿಕೊಂಡು ಅಗ್ಗದ ಪಿಡಬ್ಲ್ಯುಎಂ ಡಬ್ಬಿಯನ್ನು ನಮ್ಮ ಟೆಂಪೊ ಟ್ರಾವೆಲರ್‌ಗೆ ಜೋಡಿಸಿ ಕಳುಹಿಸಿದ್ದರು. ಸಣಾಪುರದ ಕೆರೆಯ ಬಳಿ ನೆತ್ತಿ ಸುಡುವ ಬಿಸಿಲಿದ್ದರೂ ರಾತ್ರಿ ಬ್ಯಾಟರಿ ಇಳಿದು, ಫ್ರಿಜ್ ನಿಂತು, ಬೆಳಿಗ್ಗೆಯ ಹೊತ್ತಿಗೆ ಹಾಲು ಒಡೆದಿತ್ತು.

ಕಳ್ಳತನ ಹಿಡಿದವನು ಹೊಸಪೇಟೆಯ ಒಬ್ಬ ಆಟೊ ಎಲೆಕ್ಟ್ರಿಷಿಯನ್. ನಡುಮಧ್ಯಾಹ್ನ, ತಂತಿಯನ್ನು ಹೊರಗಿನಿಂದಲೇ ಕಚ್ಚಿ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ತಂದು ಪ್ಯಾನೆಲ್‌ನಿಂದ ಇಳಿಯುವ ತಂತಿಗೆ ಹಿಡಿದ: 8 ಆಂಪಿಯರ್. ಬ್ಯಾಟರಿಗೆ ಹೋಗುವ ತಂತಿಗೆ ಹಿಡಿದ: ಅಲ್ಲಿಯೂ 8. "ಇದು ಎಂಪಿಪಿಟಿ ಅಲ್ಲ ಸಾರ್" ಎಂದು ಮುಚ್ಚಳ ಬಿಚ್ಚಿ ತೋರಿಸಿದ. ತಾಮ್ರದ ತಂತಿ ಸುತ್ತಿದ ದಪ್ಪ ಸುರುಳಿ ಇರಬೇಕಾದ ಜಾಗ ಖಾಲಿಯಾಗಿತ್ತು.

ನಮ್ಮ 335 ವಾಟ್‌ನ ಪ್ಯಾನೆಲ್ ಚೆನ್ನಾಗಿ ಕೆಲಸ ಮಾಡುವುದು 38 ವೋಲ್ಟ್ ಆಸುಪಾಸಿನಲ್ಲಿ. ಬ್ಯಾಟರಿ ಇರುವುದು 13ರ ಹತ್ತಿರ. ಅಸಲಿ ಎಂಪಿಪಿಟಿ ಆ ಸುರುಳಿಯ ನೆರವಿನಿಂದ ವೋಲ್ಟೇಜ್ ಇಳಿಸಿ ಕರೆಂಟ್ ಏರಿಸುತ್ತದೆ. ಅಂಥ ಬಿಸಿಲಿಗೆ ಬ್ಯಾಟರಿಗೆ 20 ಆಂಪಿಯರ್‌ನಷ್ಟು ತಲುಪಬೇಕು. ಪಿಡಬ್ಲ್ಯುಎಂ ಆ ಕೆಲಸ ಮಾಡುವುದಿಲ್ಲ. 8 ಆಂಪಿಯರ್ ಎಂದರೆ ಸುಮಾರು 104 ವಾಟ್ ಅಷ್ಟೇ, ಉಳಿದ ಬಿಸಿಲೆಲ್ಲ ದಂಡ. ಫ್ರಿಜ್, ರಾತ್ರಿಯಿಡೀ ತಿರುಗುವ, ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಫ್ಯಾನ್, ಎರಡು ಮೊಬೈಲ್: ಇಷ್ಟಕ್ಕೂ ಅದು ಸಾಲದು. ಆದ್ದರಿಂದ ಅಂಗಡಿಯ ಮುಂದೆಯೇ, ಹನ್ನೆರಡರ ಬಿಸಿಲಿನಲ್ಲಿ, ಅರ್ಧ ಖಾಲಿಯಾದ ಬ್ಯಾಟರಿ ಇಟ್ಟು ಎರಡೂ ತಂತಿಗಳನ್ನು ಅಳೆಸಿ. ಮೀಟರ್ ಡಿಸಿ, ಅಂದರೆ ಪ್ಯಾನೆಲ್ ಮತ್ತು ಬ್ಯಾಟರಿಯ ಬಗೆಯ ಕರೆಂಟ್, ಅಳೆಯುವಂಥದ್ದಾಗಿರಲಿ. ಮನೆ ವೈರಿಂಗ್ ಮಾಡುವವರ ಬಳಿ ಇರುವ ಕ್ಲಾಂಪ್ ಮೀಟರುಗಳಲ್ಲಿ ಎಷ್ಟೋ ಎಸಿಗೆ ಮಾತ್ರ. ಅಳೆದು ನೋಡುವವರೆಗೆ ಬಾಕಿ ಹಣ ಕೊಡಬೇಡಿ.

ಹುಬ್ಬಳ್ಳಿಯಲ್ಲಿ ಅಸಲಿ ಕಂಟ್ರೋಲರ್ ಸಿಕ್ಕಿತು. ಅದಕ್ಕೂ ಮೊದಲು, ಕೊಪ್ಪಳ ದಾಟಿ ಗದಗದ ಕಡೆ ಹೋಗುವಾಗ, ತಗಡಿನ ಮಾಡಿನ ಒಂದು ಖಾನಾವಳಿಯಲ್ಲಿ ಉಂಡ ಊಟವನ್ನು ಹೇಳಲೇಬೇಕು. ಹಂಚಿನಿಂದ ನೇರ ತಟ್ಟೆಗೆ ಬೀಳುವ ಜೋಳದ ರೊಟ್ಟಿ, ಎಣ್ಣೆ ತೇಲುವ ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ, ಶೇಂಗಾ ಚಟ್ನಿಯ ಮೇಲೆ ಗಟ್ಟಿ ಮೊಸರು, ಜೊತೆಗೆ ಹಸಿ ಮೆಂತ್ಯ ಸೊಪ್ಪು ಮತ್ತು ಈರುಳ್ಳಿ. ರೊಟ್ಟಿ ಬಡಿಯುತ್ತಿದ್ದ ಅಮ್ಮ ಸಾಕೆಂದರೂ ಬಿಡದೆ ಮತ್ತೊಂದು ಹಾಕಿದರು, ನಮ್ಮ ನೀರಿನ ಟ್ಯಾಂಕನ್ನೂ ತುಂಬಿಸಿಕೊಟ್ಟರು, ಇಬ್ಬರ ಊಟಕ್ಕೆ ತೆಗೆದುಕೊಂಡದ್ದು ಬೆಂಗಳೂರಿನಲ್ಲಿ ಒಬ್ಬರಿಗೂ ಸಾಲದ ಹಣ. ವ್ಯಾನಿನಲ್ಲಿ ಇಂಡಕ್ಷನ್ ಒಲೆ ಇಡುವ ಯೋಚನೆಯಿದ್ದರೆ ಬಿಟ್ಟುಬಿಡಿ. 1,500 ವಾಟ್‌ನ ಒಲೆ 100 ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿಯನ್ನು ಮುಕ್ಕಾಲು ಗಂಟೆಯಲ್ಲಿ ಬರಿದು ಮಾಡುತ್ತದೆ. ಚಹಾಕ್ಕೆ ಸಣ್ಣ ಗ್ಯಾಸ್ ಒಲೆ, ಊಟಕ್ಕೆ ಖಾನಾವಳಿ.

ಯಲ್ಲಾಪುರದಿಂದ ಅರಬೈಲ್ ಘಟ್ಟ ಇಳಿಯುವವರೆಗೆ ಪ್ಯಾನೆಲ್ ನಂಬಬೇಡಿ. ಅದರೊಳಗಿನ ಕೋಶಗಳು ಒಂದರ ಹಿಂದೆ ಒಂದು ಸರಪಳಿಯಂತೆ ಜೋಡಿಸಿರುವುದರಿಂದ ಒಂದು ಮೂಲೆಯ ಮೇಲೆ ಕೊಂಬೆಯ ನೆರಳು ಬಿದ್ದರೂ ಉತ್ಪಾದನೆ ಕುಸಿಯುತ್ತದೆ. ಮಲೆನಾಡಿಗೆ ಹೋಗುವವರು ಎರಡನೆಯ ಪ್ಯಾನೆಲ್ ಬದಲು, ಎಂಜಿನ್ನಿನ ಆಲ್ಟರ್ನೇಟರ್‌ನಿಂದ ಚಾರ್ಜ್ ಮಾಡುವ ಡಿಸಿ-ಡಿಸಿ ಚಾರ್ಜರ್‌ಗೆ ಹಣ ಹಾಕಿ.

ಗೋಕರ್ಣದಲ್ಲಿ ಒಂದು ರಾತ್ರಿಗೆ ಬರಿಯ ಪ್ಲಗ್ ಕೊಡಲು ರೂಮಿನ ಬಾಡಿಗೆಯನ್ನೇ ಕೇಳಿದರು. ಜೊತೆಗೆ ಆ ಜನಜಂಗುಳಿ ಮತ್ತು ಪಕ್ಕದ ಜನರೇಟರಿನ ಸದ್ದು ನನಗೆ ಸಹಿಸಲಾಗದ್ದು. ವಾರಾಂತ್ಯದಲ್ಲಿ ವ್ಯಾನ್ ಒಯ್ಯುವ ಊರಲ್ಲ.

ಮರವಂತೆ ಬೇರೆಯೇ. ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ, ತಲೆಯ ಮೇಲೆ ತಡೆಯಿಲ್ಲದ ಬಿಸಿಲು. ಮಧ್ಯಾಹ್ನದೊಳಗೆ ಬ್ಯಾಟರಿ ತುಂಬಿತ್ತು. ಲಾರಿಗಳ ಓಡಾಟ ಜೋರಿರುವುದರಿಂದ ರಾತ್ರಿ ರಸ್ತೆಯಂಚಿನಲ್ಲಿ ನಿಲ್ಲಬೇಡಿ, ಒಳಗಿನ ಹಳ್ಳಿಯ ಕಡೆ ಸರಿಯಿರಿ. ಉಪ್ಪುಗಾಳಿಯ ಪದರ ಕೂರುತ್ತದೆ. ಬೆಳಿಗ್ಗೆ ಪ್ಯಾನೆಲ್ ತಣ್ಣಗಿರುವಾಗಲೇ ಸಿಹಿನೀರಿನಲ್ಲಿ ಒರೆಸಿ.

ವ್ಯಾನ್ ಒಳಗೆ ಮಂಚ, ಕಪಾಟು ಎಂದು ಬದಲಾವಣೆ ಮಾಡಿಸುವ ಮೊದಲು ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ನಮೂದಿಸಿಕೊಳ್ಳಿ. ಬ್ಯಾಟರಿಯ ಪಾಸಿಟಿವ್ ತಂತಿಗೆ, ಬ್ಯಾಟರಿಯ ಪಕ್ಕದಲ್ಲೇ, ಫ್ಯೂಸ್ ಇದೆಯೇ ಎಂದು ಕಣ್ಣಾರೆ ನೋಡಿ. ನಮಗೆ ಅದನ್ನೂ ಹಾಕಿರಲಿಲ್ಲ.