ನೀವೂ ನಕ್ಕಿದ್ರಿ, ಅಕ್ಕೋರೇ

ಮೊನ್ನೆ ಬುಧವಾರ, ಬಿಸಿಯೂಟ ಮುಗಿದ ಮೇಲೆ, ಏಳನೇ ಕ್ಲಾಸಿನ ಹುಡುಗನೊಬ್ಬ ನಲ್ಲಿ ಹತ್ತಿರ ನಿಂತಿದ್ದ. ಸೋಪು ಹಚ್ಚಿ ಕೈ ತೊಳೆದ. ಬೆರಳು ಮೂಸಿ ನೋಡಿದ. ಮತ್ತೆ ತೊಳೆದ. ಹೀಗೆ ಮೂರು ಸಲ. ಅವನ ಅಮ್ಮ ಕಾರವಾರ ಪೇಟೆಯಲ್ಲಿ ಮೀನು ಮಾರುತ್ತಾರೆ. ಕ್ಲಾಸಿನಲ್ಲಿ ಅವನ ಹೆಸರು 'ಬಂಗಡೆ'.

"ಯಾರಾದ್ರೂ ಏನಾದ್ರೂ ಅಂದ್ರಾ?" ಕೇಳಿದೆ.

"ದಿನಾ ಅಂತಾರೆ. ಒಂದಿನ ನೀವೂ ನಕ್ಕಿದ್ರಿ, ಅಕ್ಕೋರೇ."

ಸಿಟ್ಟಿರಲಿಲ್ಲ ಅವನಿಗೆ. ಹಾಜರಿಗೆ ಓಗೊಟ್ಟ ಹಾಗೆ ಹೇಳಿದ.

ಹೌದು, ನಕ್ಕಿದ್ದೆ. ಜೂನ್ ತಿಂಗಳು, ಮಳೆಗಾಲದ ಮೀನುಗಾರಿಕೆ ನಿಷೇಧ ಶುರುವಾಗಿ ಬೋಟುಗಳೆಲ್ಲ ದಡ ಸೇರಿದ್ದವು. ಹಾಜರಿ ಕರೆಯುವಾಗ ಹಿಂದಿನ ಬೆಂಚಿನವನು, "ಬಂಗಡೆಗೆ ಎರಡು ತಿಂಗಳು ರಜೆ, ಅಕ್ಕೋರೇ" ಅಂದ. ನಗು ಬಂದುಬಿಟ್ಟಿತು. ಇವನು ಆಗಲೇ ಬಾಗಿಲಲ್ಲಿ ನಿಂತಿದ್ದ.

ಹಿರಿಯ ಮಾಸ್ತರರ ಹತ್ತಿರ ಹೇಳಿಕೊಂಡೆ. "ಹುಡುಗ್ರು ಅಂದ್ಮೇಲೆ ಇದ್ದದ್ದೇ, ಗಟ್ಟಿ ಆಗ್ತಾನೆ ಬಿಡಿ" ಅಂದರು. ಬಡ ಮಕ್ಕಳಿಗೆ ಕೈಯಿಂದ ನೋಟ್‌ಬುಕ್ ಕೊಡಿಸುವ ಮನುಷ್ಯ ಅವರು. ಆದರೆ ಈ ಮಾತು ತಪ್ಪು.

ಆ ರಾತ್ರಿ ಡ್ಯಾನ್ ಓಲ್ವೇಯಸ್ ಬಗ್ಗೆ ಮತ್ತೆ ಓದಿದೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ. 1970ರ ಹೊತ್ತಿಗೆ, ಶಾಲೆಯ ಕಾಟ ಅಂದರೆ ಮಕ್ಕಳಾಟ ಅಂತ ಎಲ್ಲರೂ ಬಿಟ್ಟಿದ್ದ ಕಾಲದಲ್ಲಿ, ಅದನ್ನೇ ಅಧ್ಯಯನಕ್ಕೆ ಎತ್ತಿಕೊಂಡವರು. 2020ರಲ್ಲಿ ತೀರಿಕೊಳ್ಳುವವರೆಗೂ ಅದೇ ಅವರ ಕೆಲಸ. ಬೇಕಂತ ನೋಯಿಸುವುದು, ಮತ್ತೆ ಮತ್ತೆ ನೋಯಿಸುವುದು, ತಿರುಗಿ ನಿಲ್ಲಲಾಗದವನನ್ನು ನೋಯಿಸುವುದು: ಈ ಮೂರೂ ಸೇರಿದರೆ ಅದು ತಮಾಷೆಯಲ್ಲ, ಬುಲ್ಲಿಯಿಂಗ್ ಅಂದರು. ನಾರ್ವೆಯಲ್ಲಿ ಮೂವರು ಹುಡುಗರು ಜೀವ ಕಳೆದುಕೊಂಡ ಮೇಲೆ, 1983ರಲ್ಲಿ ಸರ್ಕಾರವೇ ಇದರ ವಿರುದ್ಧ ಅಭಿಯಾನಕ್ಕೆ ಇಳಿಯಿತು. ಓಲ್ವೇಯಸ್ ಅಲ್ಲಿನ ಬರ್ಗೆನ್ ನಗರದ ಸುಮಾರು 2,500 ಮಕ್ಕಳನ್ನು ಗಮನಿಸುತ್ತಾ ಬಂದರು. ಎರಡು ವರ್ಷದಲ್ಲಿ ಕಾಟ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಅವರು ಮೊದಲು ಬದಲಾಯಿಸಲು ಹೊರಟದ್ದು ಶಾಲೆಯ ದೊಡ್ಡವರನ್ನು.

ತಿರುಗಿ ನಿಲ್ಲಲಾಗದವನು. ಕ್ಲಾಸಿನಲ್ಲಿ ಐದು ಜನ ಒಂದು ಕಡೆ, ಇವನೊಬ್ಬ ಇನ್ನೊಂದು ಕಡೆ. ಅಕ್ಕೋರೂ ನಕ್ಕ ಮೇಲೆ ಅವನು ಯಾರ ಹತ್ತಿರ ಹೇಳಿಕೊಳ್ಳಬೇಕಿತ್ತು? ಜೂನ್‌ನಿಂದ ಇಲ್ಲಿವರೆಗೆ ಅವನು ಸುಮ್ನಿದ್ದದ್ದು ಅದಕ್ಕೇ ಅಲ್ವಾ?

ಗುರುವಾರ ಎಲ್ಲರ ಎದುರೇ ಹೇಳಿದೆ, "ಅವತ್ತು ನಾನು ನಕ್ಕಿದ್ದು ತಪ್ಪು. ಇನ್ಮೇಲೆ ಅವನ ಹೆಸರು ಹಿಡಿದು ಕರೀರಿ." ಹಿಂದಿನ ಬೆಂಚಿನವನು ತಲೆ ತಗ್ಗಿಸಿದ. ಅವನೂ ಕೆಟ್ಟವನಲ್ಲ, ಮನೆಯಲ್ಲಿ ಏಟು ತಿಂದು ಬರುವ ಹುಡುಗ. ಅವನ ಜೊತೆಗೂ ಕೂತು ಮಾತಾಡಬೇಕು.

ಮಧ್ಯಾಹ್ನ ನಲ್ಲಿ ಹತ್ತಿರ ಹೋದೆ. ಅವನಿದ್ದ. ಎರಡು ಸಲ ತೊಳೆದ.