ಜೈಲಿನಲ್ಲಿದ್ದರೂ ಅವರು ಮಗುವಿನ ಅಪ್ಪ ಅಲ್ವಾ?

ನಾನು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಅಪ್ಪನೋ ಅಮ್ಮನೋ ಜೈಲಿನಲ್ಲಿರುವ ಮಕ್ಕಳೂ ನಮ್ಮಲ್ಲಿ ಓದುತ್ತಾರೆ. 'ಅಪ್ಪ ದುಬೈಗೆ ಹೋಗಿದ್ದಾರೆ' ಅಂತ ಮನೆಯವರು ಹೇಳಿರುತ್ತಾರೆ. ಮಗುವಿಗೆ ನೋವಾಗಬಾರದು ಅಂತಲೇ ಹಾಗೆ ಹೇಳೋದು, ಒಪ್ಪುತ್ತೇನೆ. ಆದರೆ ಆಟದಲ್ಲಿ ಜಗಳ ಬಂದ ದಿನ ಪಕ್ಕದ ಮನೆ ಹುಡುಗ ನಿಜ ಹೇಳಿಬಿಡುತ್ತಾನೆ. ಆಮೇಲೆ ಮಗು ಅಮ್ಮನ ಮಾತನ್ನೂ ನಂಬೋದಿಲ್ಲ.

ಇನ್ನೂ ಜಾಸ್ತಿ ಕಾಡೋದು ದೊಡ್ಡವರ ಜಗಳ. ನಾನು ನೋಡಿದ ಒಬ್ಬ ಹುಡುಗನ ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ತವರಿನವರು 'ಅವನ ಮುಖ ತೋರಿಸಬೇಡ' ಅಂದರೆ, ಅತ್ತೆ ಮನೆಯವರು 'ಮಗನನ್ನು ಅಪ್ಪನಿಂದ ದೂರ ಮಾಡ್ತಿದ್ದಾಳೆ' ಅಂತಾರೆ. ಹುಡುಗ ಅಲ್ಲೊಂದು ಥರ, ಇಲ್ಲೊಂದು ಥರ ಮಾತಾಡೋದು ಕಲಿತಿದ್ದ. ಶಾಲೆಯ ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಅನ್ನೋ ಜಾಗವನ್ನು ಖಾಲಿ ಬಿಟ್ಟು, ಅದರ ಮೇಲೆ ಕೈ ಅಡ್ಡ ಇಟ್ಟುಕೊಂಡೇ ನನಗೆ ಕೊಟ್ಟ.

ಮುಲಾಖತ್‌ಗೆ, ಅಂದರೆ ಜೈಲಿನ ಭೇಟಿಗೆ, ಕರೆದುಕೊಂಡು ಹೋದರೂ ಅಷ್ಟೇ. ವಕೀಲರ ಫೀಸು, ಜಾಮೀನಿಗೆ ಪಹಣಿ ಕೊಡೋರು ಯಾರು, ಮುಂದಿನ ತಾರೀಖು ಯಾವಾಗ, ಇದರಲ್ಲೇ ಹೊತ್ತು ಮುಗಿಯುತ್ತೆ. ಕೊನೆಗೆ ಮಗುವನ್ನು ಮುಂದೆ ತಳ್ಳಿದರೆ ಅಪ್ಪ 'ಚೆನ್ನಾಗಿ ಓದು' ಅಂತಾರೆ, ಪಾಪ ಅವರಿಗಾದರೂ ಬೇರೆ ಏನು ಗೊತ್ತು? ಹಾಗಾಗಿ ಮೊದಲ ಸರದಿ ಮಗುವಿಗೇ ಕೊಡಿ ಅಂತ ನಾನು ತಾಯಂದಿರಿಗೆ ಹೇಳುತ್ತೇನೆ. ಯಾವ ಪಾಠ ನಡೀತಿದೆ, ಯಾರ ಜೊತೆ ಠೂ ಬಿಟ್ಟಿದೆ ಅನ್ನೋದನ್ನು ಅಪ್ಪನಿಗೆ ಕಾಗದದಲ್ಲಿ ಬರೆದು ತಿಳಿಸಿ. ಗಂಡನ ಮೇಲೆ ಸಿಟ್ಟಿರಲಿ, ಅದು ನಿಮ್ಮ ಹಕ್ಕು; ಮಗುವಿಗೂ ಅಪ್ಪನಿಗೂ ಇರುವ ನಂಟನ್ನು ಮಾತ್ರ ಕಡಿಯಬೇಡಿ. ಆದರೆ ಅವರು ಮನೆಯಲ್ಲಿ ಹೊಡೆದು ಬಡಿದು ಮಾಡುತ್ತಿದ್ದರೆ ಈ ಮಾತು ಅನ್ವಯಿಸೋದಿಲ್ಲ. ಆಗ ಮಗುವಿನ ಸುರಕ್ಷತೆ ಮೊದಲು.

ಜೈಲಿನಲ್ಲಿರುವ ತಾಯಿಗೂ ಮಗುವಿನ ವಿಷಯದಲ್ಲಿ ಮಾತಿದೆ ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. 6 ವರ್ಷದವರೆಗೆ ಮಗು ಅವಳ ಜೊತೆ ಇರಬಹುದು. ಆಮೇಲೆ ಅವಳ ಇಷ್ಟ ಕೇಳಿ ಸೂಕ್ತವಾದವರಿಗೆ ಒಪ್ಪಿಸಬೇಕು, ಇಲ್ಲವೇ ಸರ್ಕಾರಿ ಮಕ್ಕಳ ಸಂಸ್ಥೆಗೆ ಕಳಿಸಬೇಕು. ಅಲ್ಲಿಂದ ವಾರಕ್ಕೊಮ್ಮೆಯಾದರೂ ತಾಯಿಯನ್ನು ನೋಡಲು ಬಿಡಬೇಕು.

ನಮ್ಮ ಜೈಲುಗಳಲ್ಲಿ ನಾಲ್ವರಲ್ಲಿ ಹೆಚ್ಚುಕಡಿಮೆ ಮೂವರು ವಿಚಾರಣಾಧೀನರು, ಅಂದರೆ ಕೇಸು ಇನ್ನೂ ತೀರ್ಮಾನವಾಗದವರು. ಯಾವಾಗ ಬರುತ್ತಾರೋ ಯಾರಿಗೂ ಗೊತ್ತಿರೋದಿಲ್ಲ. ಅದಕ್ಕೇ 'ಹಬ್ಬಕ್ಕೆ ಬರ್ತಾರೆ' ಅಂತ ಸುಮ್ನೆ ಮಾತು ಕೊಡಬೇಡಿ. ವಕೀಲರ ಫೀಸಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಹಾಕಿ, ಜೈಲಿನಲ್ಲಿರುವವರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಮುಲಾಖತ್‌ನಲ್ಲಿ ಅಷ್ಟು ಹೊತ್ತಾದರೂ ಮಗುವಿಗೆ ಉಳಿಯುತ್ತೆ.